ಬಾರ್ಲಿ ನೀರಿನ ಹದ

ಬಾಟಲಿ ಮುಟ್ಟದವರಿಗೇ ಬಾಟಲಿಯ ಕಾಟ ಜಾಸ್ತಿ. ಬೆಳಗಾವಿಯಲ್ಲಿ ಖಾನಾವಳಿ ನಡೆಸಿದಷ್ಟು ವರ್ಷವೂ ಇಂಥ ಕಾಟಗಳು ನನ್ನನ್ನೇ ಹುಡುಕಿಕೊಂಡು ಬಂದವು.

ಜಗುಲಿಯ ಮೇಲೆ ಸೀಮೆಎಣ್ಣೆ ಸ್ಟೋವ್ ಇಟ್ಟುಕೊಂಡು ರೊಟ್ಟಿ ಮಾರಿದವಳು ನಾನು. ಎಂಬತ್ತರ ದಶಕ ಬರುವ ಹೊತ್ತಿಗೆ ನನ್ನದೇ ಬೋರ್ಡು ಹಾಕಿದೆ. ಯಾರ ಹಂಗೂ ಇರಲಿಲ್ಲ, ಕಟ್ಟಡದ ಮಾಲೀಕರ ಒಂದು ಶರತ್ತಿನ ಹೊರತು. ಮಹಡಿಯ ಮೇಲೆ ಇರುತ್ತಿದ್ದ ಆ ಅಜ್ಜಾರು ಹಣೆ ತುಂಬ ವಿಭೂತಿ ಹಚ್ಚುವವರು, ಓಣಿಯ ಪಾನನಿರೋಧ ಸಂಘಕ್ಕೆ ಹಿರಿಯರು. "ತಂಗಿ, ಈ ಮನ್ಯಾಗ ಸೆರೆ ಕಂಡ ದಿನಾ ನಿನ್ನ ಒಲಿ ಆರತೈತಿ, ನೆನಪಿಟ್ಕೋ" ಅಂದಿದ್ದರು.

ಆ ಒಲೆ ಉಳಿಸಿಕೊಳ್ಳುವುದು ಕಷ್ಟವಿರಲಿಲ್ಲ, ನನಗೊಬ್ಬ ಗಂಡ ಇರದಿದ್ದರೆ.

ಹಗುರಾಗುವ ಉಪಾಯ

ನಮ್ಮವರು ಆಟೋ ನಗರದ ಗ್ಯಾರೇಜೊಂದರಲ್ಲಿ ಹೆಡ್ ಮೆಕ್ಯಾನಿಕ್. ಒಂದು ದಿನ ಲಾರಿಯ ಕೆಳಗೆ ತೂರಿದ ಅವರ ಹೊಟ್ಟೆ ಅಲ್ಲೇ ಸಿಕ್ಕಿಕೊಂಡಿತು. ಜನ ಕಾಲು ಹಿಡಿದು ಎಳೆಯಬೇಕಾಯಿತು. ನೆಹರು ನಗರದ ಡಾಕ್ಟರು ತೂಕ ಇಳಿಸಲು ಹೇಳಿದರು. ಇವರು ಸ್ಟ್ರಾಂಗ್ ಬೀರ್ ಬಿಟ್ಟು ಲೈಟ್ ಬೀರ್ ಹಿಡಿದರು.

"ಹಗರ ಬೀರ್ ಕುಡದ್ರ ಮನಶಾ ಹಗರ ಆಗತಾನ. ಅದರಾಗ ಬಾರ್ಲಿ ಅಂತಾರಲ್ಲ, ಆ ಜವೆಗೋಧಿ ಸತ್ವ ಐತಿ, ಗೊತ್ತೇನು?"

ನಾನು ಸಾಲೆ ಕಂಡವಳಲ್ಲ. ಕಿರಾಣಿ ಪುಡಿಕೆಯ ಕಾಗದ ಬಿಚ್ಚಿ ಅಕ್ಷರ ಕೂಡಿಸಿ ಓದು ಕಲಿತೆ, ಆಮೇಲೆ ವಾಚನಾಲಯದ ಪುಸ್ತಕ ಒಂದೂ ಬಿಡಲಿಲ್ಲ. ಆರೋಗ್ಯದ ಪುಸ್ತಕ ತೆಗೆದು ಅವರ ಮುಂದೆ ಹಿಡಿದೆ. "ಓದ್ರಿ ಇಲ್ಲೆ. ಬಾಟಲ್ಯಾಗ ಇರೂದು ಬರೇ ನೀರು. ಲೈಟ್ ಅಂದ್ರ ಅಮಲು ಒಂದಿಷ್ಟು ಕಡಿಮಿ, ಅಷ್ಟ. ನನ್ನ ಮಜ್ಜಿಗ್ಯಾಗ ಅದಕ್ಕಿಂತಾ ಸತ್ವ ಐತಿ."

"ಬರದಾಂವ ಕುಡದ ನೋಡ್ಯಾನೇನು?"

ನಾನು ಪುಸ್ತಕ ಮುಚ್ಚಿಟ್ಟೆ. ಬೀರ್ ಹಗುರವೆಂದು ಅದರ ಜೊತೆ ಒಂದು ಪ್ಲೇಟು ಮಿರ್ಚಿ ಭಜಿ ಹೆಚ್ಚಿಗೆ ತಿನ್ನುತ್ತಿದ್ದರು. ಕೆಲ ತಿಂಗಳ ಮೇಲೆ ರೈಲ್ವೆ ಸ್ಟೇಶನ್ನಿನ ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಯಂತ್ರ ನರಳಿ ಚೀಟಿ ಉಗುಳಿತು. ತೂಕ ಏರಿತ್ತು. ಇವರು ಚೀಟಿ ತಿರುವಿ ಹಿಂಬದಿಯ ಭವಿಷ್ಯ ತೋರಿಸಿದರು: "ನೋಡಿಲ್ಲೆ, ನಾ ಹಿಡದ ದಾರಿ ಬರೋಬ್ಬರಿ ಐತಂತ!"

ಖಾನಾಪುರದ ಎಮ್ಮೆ

ಖಾನಾಪುರದಲ್ಲಿ ನಮ್ಮವರ ಸೋದರತ್ತೆ ಇದ್ದರು. ಎಲ್ಲರ ಬಾಯಲ್ಲೂ ಅವರು ಆತ್ಯಾ. ಅರ್ಧ ಮರಾಠಿ, ಅರ್ಧ ಕನ್ನಡ, ಪೂರಾ ಸಿಟ್ಟು. ಅವರ ಎಮ್ಮೆ ಹಾಲು ಕಡಿಮೆ ಮಾಡಿತ್ತು. ಗೋವಾ ಕಡೆ ಲಾರಿ ರಿಪೇರಿಗೆ ಹೋಗಿ ಬರುತ್ತಿದ್ದ ಇವರು, ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ಅಲ್ಲಿಗೆ ಬಂದರು. ಹಬ್ಬದ ಅಡುಗೆಗೆಂದು ನಾನೂ ಅಲ್ಲಿದ್ದೆ.

"ಆತ್ಯಾ, ಜವೆಗೋಧಿ ಸತ್ವ. ಒಂದ ಬಾಟ್ಲಿ ಹಾಕು, ಕೊಡಾ ತುಂಬ ಹಾಲು ಹಿಂಡ್ತೈತಿ."

ಹೊಟ್ಟಿನ ಬುಟ್ಟಿಗೆ ಸುರಿದೇಬಿಟ್ಟರು. ಎಮ್ಮೆ ಮೂಗು ತಂದು ಮೂಸಿತು. ಇವರನ್ನು ಒಮ್ಮೆ ನೋಡಿತು. ಕೊಂಬಿನಿಂದ ಬುಟ್ಟಿಯನ್ನು ಇವರ ಧೋತರದ ಮೇಲೇ ಬೋರಲು ಹಾಕಿತು.

ಆತ್ಯಾ ಎಮ್ಮೆಯ ಬೆನ್ನು ಚಪ್ಪರಿಸಿ ನನಗೆ ಹೇಳಿದರು: "ಅಗ ಬಾಯಿ, ಮನ್ಯಾಗ ಖರೇ ಶಾಣ್ಯಾರು ಯಾರಂತ ಇವತ್ತ ತಿಳೀತು. ನೀ ಇದರ ಕಡಿಂದ ಗಂಡಗ ಸಾಲಿ ಕಲಿಸು."

ಅಜ್ಜಾರ ಬಾರ್ಲಿ ನೀರು

ಅಜ್ಜಾರಿಗೆ ಮೂತ್ರದ ಕಲ್ಲು ಆಯಿತು. ದಿನವೂ ಬಾರ್ಲಿ ನೀರು ಕುಡಿಯಿರಿ ಎಂದರು ಡಾಕ್ಟರು. ಮಾಡಿಕೊಡುವ ಕೆಲಸ ನನ್ನ ಒಲೆಯ ಪಾಲಿಗೆ ಬಂತು. ಆಗೆಲ್ಲ ಎಣ್ಣೆ, ಜೇನು, ಮಜ್ಜಿಗೆ ಎಲ್ಲವನ್ನೂ ತುಂಬಿಡುತ್ತಿದ್ದುದು ಗುಜರಿಯ ಖಾಲಿ ಬೀರ್ ಬಾಟಲಿಗಳಲ್ಲೇ. ಅಷ್ಟು ಗಟ್ಟಿ ಬೇರೆ ಸಿಗುತ್ತಿರಲಿಲ್ಲ. ಮೇಲಿನ ಲೇಬಲ್ ಚೀಟಿ ಕಿತ್ತು, ಬೂದಿ ಹಾಕಿ ತೊಳೆದು, ಬಾರ್ಲಿ ನೀರು ತುಂಬಿ, ಬಾಯಿಗೆ ಬಟ್ಟೆ ತುರುಕಿ, ತಂಪಾಗಲೆಂದು ಹಸಿ ಉಸುಕಿನಲ್ಲಿ ನಿಲ್ಲಿಸುತ್ತಿದ್ದೆ.

ಗ್ಯಾರೇಜಿನ ಸೇಠ್ ಅಲ್ಲಿ ಕುಡಿಯುವುದನ್ನು ಬಂದ್ ಮಾಡಿಸಿದ. ಇವರು ತಮ್ಮ ಬಾಟಲಿಯ ಚೀಟಿಯನ್ನೂ ಕಿತ್ತು, ಮುಚ್ಚಳದ ಬಿಲ್ಲೆ ತೆಗೆದು, ನನ್ನ ಹಾಗೆಯೇ ಬಟ್ಟೆ ತುರುಕಿ, ನನ್ನದೇ ಉಸುಕಿನಲ್ಲಿ ಹುಗಿದಿಟ್ಟರು. ನನಗೆ ತಿಳಿಯಬಾರದಲ್ಲ!

ಮಧ್ಯಾಹ್ನ ಎಂದಿನಂತೆ ಒಂದು ಬಾಟಲಿ ಎತ್ತಿ ಮಹಡಿಯ ಮೇಲೆ ಅಜ್ಜಾರಿಗೆ ಕೊಟ್ಟು ಬಂದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಇವರು 'ಥೂ' ಎಂದು ಉಗುಳಿದ ಸಪ್ಪಳ.

"ಏ, ಇದು ಬಾರ್ಲಿ ನೀರು!"

"ಮತ್ತೇನಿರತೈತಿ ಅಲ್ಲೆ?"

ಇವರ ಮುಖ ನೋಡಿದೆ. ಕೇಳುವುದು ಉಳಿದಿರಲಿಲ್ಲ. ರೊಟ್ಟಿ ಹಂಚಿನ ಮೇಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದೆ.

ಬಾಟಲಿ ಖಾಲಿ. ಅಜ್ಜಾರು ಜೋಕಾಲಿಯಲ್ಲಿ ಕೂತು ತಾಳ ಹಾಕುತ್ತ ವಚನ ಗುನುಗುತ್ತಿದ್ದರು. ಅವರು ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ತಪಕೀರು, ಅಂದರೆ ನಶ್ಯ, ಏರಿಸಿ ಏರಿಸಿ ಅವರ ಮೂಗು ಎಂದೋ ಸತ್ತಿದ್ದರಿಂದ ವಾಸನೆ ತಿಳಿದಿರಲಿಲ್ಲ. ನನ್ನ ಒಲೆ ಆರಿತೆಂದೇ ತಿಳಿದು ನಿಂತೆ.

"ಬಾ ತಂಗಿ, ಕುಂದರು. ದಿನಾ ಸಪ್ಪಗ ಇರತಿತ್ತು, ಇವತ್ತ ಜರಾ ಕಹಿ ಆಗೇದ. ಔಷಧ ಅಂದ್ರ ಹಿಂಗಿರಬೇಕು ನೋಡು!"

ಬಾಯಿ ಬಿಟ್ಟರೆ ಒಲೆ ಹೋಗುತ್ತದೆ. "ಹೂಂರೀ ಅಜ್ಜಾರ" ಎಂದು ಕೆಳಗಿಳಿದೆ. ಮರುದಿನ ಬೆಳಿಗ್ಗೆ ಕಲ್ಲು ಬಿತ್ತು! ಅಷ್ಟು ದಿನ ಕುಡಿದ ನನ್ನ ಬಾರ್ಲಿ ನೀರಿನಿಂದಲೇ ಬಿತ್ತು, ಇದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ಆದರೆ ಅಜ್ಜಾರು ಕೇಳಬೇಕಲ್ಲ. ಆಮೇಲೆ ಕೊಟ್ಟ ಬಾಟಲಿಗೆಲ್ಲ ಒಂದೇ ತಕರಾರು: "ಆ ದಿನದ ಹದಾ ಬರವಲ್ದು, ತಂಗಿ."

ಆ ವಾರವೇ ಓಣಿಯಲ್ಲಿ ಪಾನನಿರೋಧ ಸಂಘದ ಸಭೆ. ಅಜ್ಜಾರು ಎಲ್ಲರ ಮುಂದೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. "ಸೆರೆ ಬಿಡ್ರಿ! ನಮ್ಮ ಈ ತಂಗಿ ಮಾಡೂ ಬಾರ್ಲಿ ನೀರು ಕುಡೀರಿ! ನನ್ನ ಕಲ್ಲ ಕರಗಿಸಿದ್ದು ಅದು. ನಾ ಇರೂತನಕ ಈ ಖಾನಾವಳಿ ಇಲ್ಲೇ ಇರತೈತಿ!"

ಚಪ್ಪಾಳೆ. ಎಲ್ಲರಿಗಿಂತ ಜೋರು ನಮ್ಮವರದು. ಹೆಣ್ಣುಮಕ್ಕಳು ಸುತ್ತ ನೆರೆದರು: "ಅಕ್ಕಾರ, ಆ ಹದಾ ನಮಗೂ ಹೇಳಿಕೊಡ್ರಿ."

ಹಿಂದಿನಿಂದ ಇವರು ಎದ್ದು ನಿಂತು ಕೈ ಎತ್ತಿದರು. "ಹದಾ ನಾ ಹೇಳತೀನ್ರಿ!"

ನಾಲ್ಕು ಜನರ ಮುಂದೆ ಗಂಡನ ಕೈ ಹಿಡಿದವಳಲ್ಲ ನಾನು. ಅವತ್ತು ಹಿಡಿದೆ. ಹಿಡಿದು, ಮನೆ ತನಕ ಬಿಡಲಿಲ್ಲ. ಎಷ್ಟು ಅನ್ಯೋನ್ಯ ಜೋಡಿ ಎಂದು ಓಣಿಯವರು ಇನ್ನೂ ಹೇಳುತ್ತಾರೆ.