ಒಂದು ಎಡ ಮೊಣಕಾಲು, ಅದರ ತಜ್ಞರು

ಜುಲೈ ತಿಂಗಳ ಒಂದು ಗುರುವಾರ. ಎರಡನೇ ಪೀರಿಯಡ್ಡಿನಲ್ಲಿ ನಾನು ಒಂಬತ್ತನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತಿದ್ದೆ. ಅದೇ ಶಾಲೆಯ ದೈಹಿಕ ಶಿಕ್ಷಕಿಯಾಗಿದ್ದ ನನ್ನ ಅಕ್ಕ ಹೊರಗೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದಳು. ಬೆಳಿಗ್ಗೆ ಕೋಟೇಶ್ವರದ ಮನೆಯಿಂದ ಹೊರಡುವಾಗ, "ಬುತ್ತಿಗೆ ಉಪ್ಪಿನಕಾಯಿ ಹಾಕ್ಲಿಲ್ಲ ನೀನ್. ನಿನ್ನ ವಿಜ್ಞಾನ ಎಲ್ಲ ಹೀಂಗೇ" ಎಂದು ಬೈದಿದ್ದಳು. ಹತ್ತು ಗಂಟೆ ಐವತ್ತು ನಿಮಿಷಕ್ಕೆ ಅವಳು ಗೆರೆಯ ಪಕ್ಕ ಕುಳಿತಳು. ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು.

ಆಮೇಲೆ ಶುರುವಾದ ಪ್ರಸಂಗಗಳು ಒಂದರ ಹಿಂದೆ ಒಂದು ಬರುತ್ತಲೇ ಇವೆ. ಹೇಳಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತದೆ.

೧. ಬಲ ಮತ್ತು ಚಲನೆ

ಹದಿಮೂರನೇ ದಿನ ಕಳೆದು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಕರೆದರು.

"ಹೊಸ ದೈಹಿಕ ಶಿಕ್ಷಕರು ಈ ವರ್ಷ ಬರುವ ಹಾಗೆ ಕಾಣುವುದಿಲ್ಲ ಟೀಚರ್. ನೀವು ಬಲ, ಚಲನೆ, ಸನ್ನೆ ಎಲ್ಲ ಪಾಠ ಮಾಡುತ್ತೀರಲ್ಲ. ಆಟ ಎಂದರೂ ಅದೇ ಅಲ್ವಾ? ನೀವೇ ನೋಡಿಕೊಳ್ಳಿ."

"ಜೀರ್ಣಾಂಗಗಳನ್ನೂ ನಾನೇ ಪಾಠ ಮಾಡುವುದು ಸರ್. ಬಿಸಿಯೂಟದ ಅಡುಗೆಯನ್ನೂ ನನಗೇ ಕೊಡಿ" ಎಂದೆ.

ಅವರು ಕನ್ನಡಕ ತೆಗೆದು ಒರೆಸಿ, ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಈ ವರ್ಷ ಬೇಡ."

೨. ಶಿಕ್ಷೆ

ಅಕ್ಕನ ಕಪಾಟಿನಲ್ಲಿ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಒಂದೇ ಹುಡುಗಿಗೆ ಹನ್ನೊಂದು ಪುಟ. ನನ್ನ ತರಗತಿಯವಳೇ, ತ್ರಾಸಿಯ ಮೀನು ಮಾರುವ ಹೆಂಗಸಿನ ಮಗಳು. ಕಳೆದ ವರ್ಷ ತಾಲೂಕು ಮಟ್ಟದ ಉದ್ದಜಿಗಿತದಲ್ಲಿ ಮೊದಲು ಬಂದು, ಆಮೇಲೆ ತಿಂಗಳುಗಟ್ಟಲೆ ಕುಂಟಿದವಳು. ಅಕ್ಕ ಅವಳ ಜಿಗಿತವನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಓಡಿಸಿ ನೋಡಿದ್ದಳು. ಹಾರುವ ಮುನ್ನ ಮರಳಿನ ಅಂಚಿನ ಹಲಗೆಯನ್ನು ಮೆಟ್ಟುವ ಕ್ಷಣದಲ್ಲಿ ದೇಹದ ತೂಕದ ಹಲವು ಪಟ್ಟು ಭಾರ ಒಂದೇ ಕಾಲಿಗೆ ಬೀಳುತ್ತದೆ. ಆಗ ಇವಳ ಎಡ ಮೊಣಕಾಲು ಒಳಗೆ ವಾಲುತ್ತಿತ್ತು. ಇನ್ನೊಮ್ಮೆ ಜೋರಾಗಿ ತಿರುಚಿದರೆ ಆಪರೇಷನ್ನೇ ಎಂದು ಡಾಕ್ಟರು ಹೇಳಿದ್ದರು. ಪುಟದ ಕೊನೆಯಲ್ಲಿ ಅಕ್ಕನ ದಪ್ಪ ಅಕ್ಷರ: "ಸೊಂಟದ ಪಕ್ಕದ ಸ್ನಾಯು ಗಟ್ಟಿಯಾಗಬೇಕು. ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ಕೂತು ಏಳುವುದು. ದೀಪಾವಳಿ ತನಕ ಓಟ ಮಾತ್ರ. ಹಾರಬಾರದು."

ನಾನು ಅಕ್ಷರಶಃ ಪಾಲಿಸಿದೆ. ಹುಡುಗಿ ಸಂಜೆ ನಾಲ್ಕೂವರೆಗೆ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಲ್ಲುತ್ತಿದ್ದಳು. ನಾನು ಎದುರಿಗೆ ಕುಳಿತು ಮೊಣಕಾಲು ಕಾಲ್ಬೆರಳಿನ ನೇರಕ್ಕೇ ಇದೆಯೇ ಎಂದು ನೋಡುತ್ತಿದ್ದೆ. ನಾಲ್ಕನೇ ದಿನ ಶಾಲಾ ಸಮಿತಿಯ ಅಧ್ಯಕ್ಷರು ಗೇಟಿನಿಂದಲೇ ಕಂಡರು.

"ಹ್ವಾಯ್ ಟೀಚರ್, ಎಂತ ತಪ್ಪ್ ಮಾಡ್ತ್ ಆ ಹೆಣ್ಣ್? ಹೀಂಗ್ ನಿಲ್ಸುದಾ?"

ಉತ್ತರ ಹೇಳುವ ಮೊದಲೇ ಅವರು ಹೋಗಿಯಾಗಿತ್ತು. ವಾರದೊಳಗೆ ಇಲಾಖೆಯಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುತ್ತೇನೆ ಎಂದು ನನ್ನ ಮೇಲೆ ದೂರು! ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಮಗುವಿನ ಕಿವಿಯನ್ನೂ ಮುಟ್ಟಿದವಳಲ್ಲ.

ಅವರು ಹುಡುಗಿಯನ್ನೇ ಕೇಳಿದರು: "ಹೆದರಬೇಡಮ್ಮಾ. ನೀನು ಯಾವ ತಪ್ಪು ಮಾಡಿದ್ದಕ್ಕೆ ಇದು?"

"ನಾ ಎಂತದೂ ಮಾಡ್ಲಿಲ್ಲ ಸರ್. ತಪ್ಪೆಲ್ಲ ಮೊಣಕಾಲಿಂದ್."

ಅಧಿಕಾರಿ ಹಾಗೆಯೇ ಬರೆದುಕೊಂಡರು.

೩. ಬೊಂಬಾಯಿ ಪದ್ಧತಿ

ಅಧ್ಯಕ್ಷರು ಬೊಂಬಾಯಿಯಲ್ಲಿ ಕ್ಯಾಂಟೀನ್ ನಡೆಸಿದವರು, ಹರೆಯದಲ್ಲಿ ಕಬಡ್ಡಿ ಆಡಿದವರು. ದೂರು ಬಿದ್ದುಹೋದ ಮೇಲೆ ತರಬೇತಿಯ ಕ್ರಮ ತೋರಿಸಲು ತಾವೇ ಬಂದರು. ಕೈಯಲ್ಲಿ ಮರಳು ತುಂಬಿದ ಅರ್ಧ ಚೀಲ.

"ಅರೆ ಟೀಚರ್, ದರ್ದ್ ಇಲ್ದೆ ತಾಕತ್ ಎಲ್ಲಿಂದ ಬತ್ತ್? ಇದನ್ನ್ ಹೆಗಲ್ ಮೇಲ್ ಇಟ್ಕಂಡ್ ಐವತ್ತ್ ಕಪ್ಪೆ ಜಿಗಿತ. ಒಂದ್ ವಾರದಗೆ ಮೊಣಕಾಲ್ ಕಬ್ಬಿಣ ಆತ್ತ್."

ಕಾಲು ನೋಯುವ ಮಗುವಿಗೆ ಹೇಳುವ ಮಾತೇ ಇದು? "ಅವಳಿಂದ ಮಾಡಿಸುವುದಿಲ್ಲ" ಎಂದೆ.

"ನೀವ್ ಮಾಡ್ಸ್‌ಬೇಡಿ. ನಾನೇ ಮಾಡಿ ತೋರ್ಸ್ತೆ, ಕಾಣಿ."

ಮೂರನೆಯ ಜಿಗಿತಕ್ಕೆ ಅವರ ಬಾಯಿಂದ ಒಂದು ಮರಾಠಿ ಶಬ್ದ ಹೊರಟಿತು. ನಾಲ್ಕನೆಯದು ಆಗಲಿಲ್ಲ. ರಿಕ್ಷಾ ತರಿಸಿ ಕುಂದಾಪುರಕ್ಕೆ ಕಳಿಸಿದೆವು.

ಎರಡು ವಾರ ಬಿಟ್ಟು ಬಂದರು. ಮುಖ ನೋಡದೆ ಕೇಳಿದರು: "ಆ ಒಂಟಿ ಕಾಲಿಂದ್ ಒಂದ್ ಕೆಲ್ಸ ಇತ್ತಲ್ದಾ, ಅದ್ ಎಷ್ಟ್ ಸಲ ಮಾಡುದ್? ಫಿಸಿಯೋದವ್ರ್ ನಂಗೂ ಅದನ್ನೇ ಹೇಳಿರ್."

ಈಗ ಸಂಜೆ ನಾಲ್ಕೂವರೆಗೆ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಒಂಟಿ ಕಾಲಲ್ಲಿ ನಿಲ್ಲುತ್ತಾರೆ. ಈ ಸಲ ದೂರು ಕೊಡುವವರಿಲ್ಲ.

೪. ಮೂವತ್ತೆರಡು ಪುಟ

ಬಯೋಮೆಕ್ಯಾನಿಕ್ಸ್ ಎಂದರೆ ದೇಹದ ಚಲನೆಯನ್ನು ಅಳೆದು ತಿಳಿಯುವ ಶಾಸ್ತ್ರ. ಅದರ ಮೇಲೆ ನನಗೆ ಗೌರವವಿದೆ. ಅಕ್ಕ ಅದನ್ನು ಓದಿಯೇ ಆ ಹನ್ನೊಂದು ಪುಟ ಬರೆದದ್ದು. ಆದರೆ ಮುಖ್ಯೋಪಾಧ್ಯಾಯರು ಬ್ರಹ್ಮಾವರದ ಕಡೆಯಿಂದ ಒಬ್ಬ ತಜ್ಞನನ್ನು ಕರೆಸಿದರು. ಬೂಟು, ಲ್ಯಾಪ್‌ಟಾಪು, ಎರಡು ಕ್ಯಾಮೆರಾ. ಹುಡುಗಿಯ ಕೀಲುಗಳಿಗೆಲ್ಲ ಹೊಳೆಯುವ ಚುಕ್ಕಿ ಅಂಟಿಸಿ ಓಡಿಸಿದ. ನಮ್ಮ ಕರಾವಳಿಯ ಬೆವರಿಗೆ ಅಂಟು ನಿಲ್ಲುತ್ತದೆಯೇ? ಮೊಣಕಾಲಿನ ಚುಕ್ಕಿ ಜಾರಿ ಪಾದಕ್ಕೆ ಬಂತು. ಪರದೆಯ ಮೇಲಿನ ಗೊಂಬೆಗೆ ಮೊಣಕಾಲೇ ಇರಲಿಲ್ಲ.

"ಅಪರೂಪದ ರಚನೆ!" ಎಂದ.

"ಚುಕ್ಕಿ ಬಿದ್ದಿದೆ" ಎಂದೆ.

"ಡೇಟಾ ಸುಳ್ಳು ಹೇಳುವುದಿಲ್ಲ ಮೇಡಂ."

ವರದಿ ಮೂವತ್ತೆರಡು ಪುಟ ಬಂತು. ಪೂರ್ತಿ ಓದಿದೆ. ಒಂಬತ್ತನೇ ಪುಟದಲ್ಲಿ, ಎಡಗೈಯಿಂದ ಚೆಂಡು ಬಿಡುವಾಗ ಭುಜ ಇನ್ನೂ ತೆರೆಯಬೇಕು ಎಂದಿತ್ತು. ಬೇರೆ ಯಾರೋ ಬೌಲರನ ವರದಿಗೆ ಇವಳ ಹೆಸರು ಅಂಟಿಸಿದ್ದ. ಆ ಪುಟವನ್ನು ಮಡಚಿ ಮುಖ್ಯೋಪಾಧ್ಯಾಯರ ಮೇಜಿನ ಮೇಲಿಟ್ಟೆ.

ಅವರು ಅವಳನ್ನು ಕ್ರಿಕೆಟ್ ತಂಡಕ್ಕೆ ಸೇರಿಸಿದರು.

೫. ಸಹಿ

ಸೆಪ್ಟೆಂಬರಿನ ಒಂದು ಶನಿವಾರ ಹುಡುಗಿ ತರಗತಿಯಲ್ಲಿರಲಿಲ್ಲ. "ಬೈಂದೂರಿಗೆ ಹೋಯ್ತ್ ಟೀಚರ್, ಹೆಡ್ ಮಾಸ್ಟ್ರೇ ಕರ್ಕಂಡ್ ಹೋದ್ರ್" ಎಂದಳು ಪಕ್ಕದವಳು. ತಾಲೂಕು ಕ್ರೀಡಾಕೂಟ. ಕಳೆದ ವರ್ಷದ ಕಪ್ ಕೈ ಬಿಡಬಾರದೆಂದು ನನಗೆ ತಿಳಿಸದೆ ಉದ್ದಜಿಗಿತಕ್ಕೆ ಹೆಸರು ಕೊಟ್ಟಿದ್ದರು. ಸಿಕ್ಕಿದ ಬಸ್ಸು ಹತ್ತಿದೆ.

ಮುಖ್ಯೋಪಾಧ್ಯಾಯರು ಶಾಮಿಯಾನದ ಕೆಳಗೆ ಸೋಡಾ ಕುಡಿಯುತ್ತಿದ್ದರು. ನಾನು ನೇರ ಪಟ್ಟಿ ಹಿಡಿದ ಅಧಿಕಾರಿಯ ಹತ್ತಿರ ಹೋದೆ.

"ಈ ಹುಡುಗಿಯ ಹೆಸರು ತೆಗೆಯಿರಿ. ಹಾರಿದರೆ ಮೊಣಕಾಲು ಹೋಗುತ್ತದೆ."

"ನೀವು ಯಾರು?"

"ವಿಜ್ಞಾನ ಶಿಕ್ಷಕಿ."

"ಹೆಸರು ತೆಗೆಯಲು ದೈಹಿಕ ಶಿಕ್ಷಕರ ಸಹಿ ಬೇಕು."

"ಅವರು ತೀರಿಹೋಗಿದ್ದಾರೆ."

ಆತ ಪೆನ್ನು ಕೆಳಗಿಟ್ಟು, ನಿಜವಾದ ಕನಿಕರದಿಂದ ಹೇಳಿದ: "ಛೆ. ಹಾಗಾದ್ರೆ ಅವರ ಹತ್ರ ಒಂದು ಪತ್ರವಾದ್ರೂ ಬರೆಸಿ ತನ್ನಿ."

ನಾನು ಪಟ್ಟಿಗೇ ಕೈ ಹಾಕಿದೆ. ಅಷ್ಟರಲ್ಲಿ ಮೈಕಿನಲ್ಲಿ ಅವಳ ಹೆಸರು ಕೂಗಿದರು.

ಹುಡುಗಿ ಓಡಿದಳು. ಒಳ್ಳೆಯ ಓಟ. ಹಲಗೆಯ ಮೇಲೆ ಎಡಗಾಲು ಇಟ್ಟಳು, ಹಾರಲಿಲ್ಲ. ಹಾಗೆಯೇ ಮರಳಿನಲ್ಲಿ ಓಡಿ ಆಚೆ ತುದಿಯಿಂದ ಹೊರಗೆ ಬಂದಳು. ಎರಡನೇ ಅವಕಾಶದಲ್ಲೂ ಅಷ್ಟೇ. ಮೂರನೇ ಸಲ ಮರಳು ಕೆರೆಯುವವನು ರೇಗಿದ: "ಏ ಮಾರಾಯ್ತಿ, ದಾಟಿ ಹೋಪುಕೆ ಇದೆಂತ ರಸ್ತೆಯಾ?"

ಅಧಿಕಾರಿ ಅವಳ ಹೆಸರಿನ ಎದುರು ಮೂರು ಅಡ್ಡಗೆರೆ ಹಾಕಿದ. ಮುಖ್ಯೋಪಾಧ್ಯಾಯರು ಸೋಡಾ ಬಾಟ್ಲಿ ಹಿಡಿದುಕೊಂಡೇ ಓಡಿಬಂದರು.

"ಎಂತಕ್ಕೆ ಹಾರ್ಲಿಲ್ಲ ನೀನು?"

"ಪಿ.ಟಿ. ಟೀಚರ್ ದೀಪಾವಳಿ ತನಕ ಹಾರ್ಬೇಡ ಅಂದಿರ್ ಸರ್. ಓಡುಕೆ ಮಾತ್ರ ಹೇಳಿರ್."

"ಆ ಟೀಚರ್ ಈಗ ಇಲ್ಲ ಅಲ್ವಾ!"

"ಅದ್ಕೇ ಸರ್. ಇದ್ದಿದ್ರೆ ಒಂದ್ ಮಾತ್ ಕೇಳ್ಕಂಡ್ ಹಾರ್ತಿದ್ದೆ."

ಬಸ್ ನಿಲ್ದಾಣದ ತನಕ ಅವಳು ಕುಂಟದೆ ನಡೆದಳು.