ಅತ್ತೆಯ ಕೋಳಿಗೂಡಿಗೆ ಎರಡು ಚೀಲ ಕೂದಲು

ನಮ್ಮತ್ತೆ ಚೆಲುವಮ್ಮನವರ ಕೋಳಿಗಳ ತಂಟೆಗೆ ಕೀರ ಎಂಬ ಮುಂಗುಸಿ, ನರಿ, ಕಾಡುಬೆಕ್ಕು ಯಾವುದೂ ಬರುವುದಿಲ್ಲ, ಅದಕ್ಕೆಲ್ಲ ಅವರ ಕೈಗುಣವೇ ಕಾರಣ ಎಂದು ನಮ್ಮ ಬೀದಿಯವರೆಲ್ಲ ಹೇಳುತ್ತಾರೆ. ಹಾಲು ಹಾಕುವ ಡೇರಿಯಲ್ಲಿ, ಬಸ್ಸಿಗೆ ಕಾಯುವ ಕಟ್ಟೆಯಲ್ಲಿ, ಸುಂಟಿಕೊಪ್ಪದ ಸಂತೆಯಲ್ಲಿ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಎದ್ದು ನಿಂತು ಆಕ್ಷೇಪಣೆ ಎತ್ತಬೇಕೆಂದು ನನ್ನ ನಾಲಿಗೆ ತುರಿಸುತ್ತದೆ. ಮೊದಲನೆಯದಾಗಿ, ಈ ಮಾತು ಸುಳ್ಳು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೂರು ವರ್ಷಗಳಲ್ಲಿ ನಾಲ್ಕು ಕೋಳಿಗಳು ಕಾಡಿನ ಪಾಲಾಗಿವೆ. ಎರಡನೆಯದಾಗಿ, ಕೈಯಲ್ಲಿ ಅಷ್ಟೊಂದು ಗುಣವಿದ್ದರೆ ಅದೇ ಕೈ ತಿರುವಿದ ಮುದ್ದೆಯಲ್ಲಿ ಆಗಾಗ ಗಂಟು ಸಿಗುವುದು ಹೇಗೆ? ಈ ಎರಡನೆಯ ವಾದವನ್ನು ಇಲ್ಲಿ ಮಾತ್ರ ಮಂಡಿಸುತ್ತಿದ್ದೇನೆ, ಮನೆಯಲ್ಲಿ ಮಂಡಿಸಿಲ್ಲ. ಎಷ್ಟೇ ವಾದ ಕಲಿತರೂ ಊಟದ ಹೊತ್ತಿಗೆ ತಟ್ಟೆ ಹಿಡಿದು ಕೂರಬೇಕಾದವಳು ನಾನೇ ತಾನೆ.

ವಾದ ಕಲಿತವಳು ಎಂದೆ. ಕಾಲೇಜಿನ ಮೂರು ವರ್ಷವೂ ನಾನು ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಚೀಟಿಯಲ್ಲಿ ಏನು ಬಂದರೂ ಐದೇ ನಿಮಿಷದಲ್ಲಿ ಅದು ನನ್ನ ಜನ್ಮಾಂತರದ ನಂಬಿಕೆಯೇನೋ ಎಂಬಂತೆ ಗುಡುಗುತ್ತಿದ್ದೆ. ಗೆದ್ದ ಫಲಕಗಳನ್ನು ಮದುವೆಯಾದ ಮೇಲೆ ಇಲ್ಲಿಗೆ ಹೊತ್ತು ತಂದೆ. ಅದರಲ್ಲಿ ಒಂದನ್ನು ಅತ್ತೆ ಕೋಳಿಗೂಡಿನ ಕಂಡಿಗೆ ಅಡ್ಡ ಇಟ್ಟಿದ್ದಾರೆ. ಅಳತೆ ಹೇಳಿ ಮಾಡಿಸಿದ ಹಾಗಿತ್ತಂತೆ. ನನ್ನ ಗಂಡ ಮಂಜುವಿನ ದೂರು ಬೇರೆ: "ಟೀ ಬೇಕಾ ಅಂದ್ರೂ, ಬೇಕು ಅನ್ನೋದರ ಅರ್ಥ ಏನು ಅಂತ ಶುರು ಮಾಡ್ತೀಯಲ್ಲೇ ಮಾರಾಯ್ತಿ." ಆ ಪ್ರಶ್ನೆಯಲ್ಲಿ ತಪ್ಪೇನಿದೆಯೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನಮ್ಮ ಮನೆ ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿದೆ. ಮಾವನ ತಂದೆ ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದವರು. ಅತ್ತೆಯೂ ಆ ಕಡೆಯವರೇ. ಮದುವೆಯಾಗಿ ಬರುವಾಗ ಅವರು ತವರಿನಿಂದ ಬುಟ್ಟಿಯಲ್ಲಿ ಒಂದು ಜೊತೆ ಬೋಳುಕತ್ತಿನ ನಾಟಿ ಕೋಳಿ ತಂದಿದ್ದರು. ಕತ್ತಿನ ಸುತ್ತ ಒಂದೂ ಪುಕ್ಕವಿಲ್ಲದೆ, ಚಳಿಗಾಲದಲ್ಲಿ ಮಫ್ಲರ್ ಕಳೆದುಕೊಂಡವರ ಹಾಗೆ ಕಾಣುವ ತಳಿ ಅದು. ತವರಿನವರು ಫಾರಂ ಕೋಳಿಗೆ ತಿರುಗಿ ಆ ತಳಿಯನ್ನು ಎಂದೋ ಮರೆತಿದ್ದಾರೆ. ಇಲ್ಲಿ ಅತ್ತೆ ಮಾತ್ರ ಮೂವತ್ತು ವರ್ಷ ಮರಿಯ ಮರಿಯ ಮರಿ ಎಂದು ಉಳಿಸಿಕೊಂಡು ಬಂದಿದ್ದರು. ಈ ಸಲದ ಮಳೆಗಾಲದ ರೋಗಕ್ಕೆ ಉಳಿದೆಲ್ಲ ಬೋಳುಕತ್ತಿನವೂ ಹೋಗಿ ಒಂದೇ ಒಂದು ಹೇಂಟೆ ಉಳಿದಿತ್ತು. ಜನವರಿಯಲ್ಲಿ ಅದು ಹನ್ನೊಂದು ಮೊಟ್ಟೆಯ ಮೇಲೆ ಕಾವಿಗೆ ಕೂತಿತು. ಅದಕ್ಕೇನಾದರೂ ಆದರೆ ಅತ್ತೆ ಬುಟ್ಟಿಯಲ್ಲಿ ತಂದ ತವರು ಅಲ್ಲಿಗೆ ಮುಗಿಯಿತು.

ಇನ್ನು ಎದುರಾಳಿಗಳನ್ನು ಹೊಗಳದೆ ಇದ್ದರೆ ಅನ್ಯಾಯವಾಗುತ್ತದೆ. ನಮ್ಮ ಹಿತ್ತಿಲಿನ ಬೇಲಿ ದಾಟಿದರೆ ಕಾಫಿ ಎಸ್ಟೇಟು, ನಡುವೆ ಒಂದು ಸಣ್ಣ ನೀರಿನ ತೋಡು. ಆ ತೋಡಿನಲ್ಲಿ ಬರುವ ಕೀರ ಹಿಂಗಾಲ ಮೇಲೆ ನೆಟ್ಟಗೆ ನಿಂತು ನಮ್ಮ ಹಿತ್ತಿಲನ್ನು ಜಾಗ ಅಳೆಯಲು ಬಂದ ಸರ್ವೆಯವರ ಗಾಂಭೀರ್ಯದಿಂದ ನೋಡುತ್ತದೆ. ಪುನುಗುಬೆಕ್ಕು ಸಿಲ್ವರ್ ಓಕ್ ಮರದಿಂದ ಹೆಂಚಿಗೆ ಇಳಿದರೆ ಹೆಂಚಿಗೇ ಗೊತ್ತಾಗುವುದಿಲ್ಲ. ಕೇರೆಹಾವು ಮೊಟ್ಟೆ ನುಂಗಿದರೆ ಚಿಪ್ಪಿನ ಚೂರೂ ಉಳಿಯುವುದಿಲ್ಲ. ಒಮ್ಮೆ ಮಂಜು ಮೊಬೈಲಿನಲ್ಲಿ ಹೊರದೇಶದ ರಕೂನ್ ಎಂಬ ಪ್ರಾಣಿ ಕೋಳಿಗೂಡಿನ ಚಿಲಕವನ್ನು ಬೆರಳಿನಿಂದ ತೆಗೆಯುವ ವಿಡಿಯೋ ತೋರಿಸಿದ. ಅತ್ತೆ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, "ನಮ್ ಪುನುಗಿನ ಬೆಕ್ಕಿನ ಸಂಬಂಧಿಕರೇ ಇರ್ಬೇಕು. ಕಣ್ಣಿಗೆ ಕಾಡಿಗೆ ಹಚ್ಕೊಂಡೈತೆ ನೋಡು" ಎಂದರು. ಅವರ ದನಿಯಲ್ಲಿ ಭಯವಿರಲಿಲ್ಲ. ಒಳ್ಳೆಯ ಕೆಲಸಗಾರನನ್ನು ಇನ್ನೊಬ್ಬ ಕೆಲಸಗಾರ ನೋಡುವ ಮೆಚ್ಚುಗೆ ಇತ್ತು.

ಕೈಗುಣದ ಮಾತಿಗೆ ಮರಳುತ್ತೇನೆ. ಅತ್ತೆ ಮಾಡುವುದು ಇಷ್ಟು. ಹೊತ್ತು ಮುಳುಗುವ ಮೊದಲೇ ಗೂಡಿನ ಒಳಗೆ ನುಚ್ಚು ಚೆಲ್ಲಿ ಕೋಳಿಗಳನ್ನು ಕರೆಯುತ್ತಾರೆ, ಹೊರಗೆ ಎಂದೂ ಚೆಲ್ಲುವುದಿಲ್ಲ. ಆಮೇಲೆ ಒಲೆಯ ಬೂದಿಯನ್ನು ಜರಡಿ ಹಿಡಿದು ಗೂಡಿನ ಸುತ್ತ ಒಂದು ಮೊಳದಗಲ ತೆಳ್ಳಗೆ ಹರಡುತ್ತಾರೆ. ಬೆಳಗ್ಗೆ ಕಾಫಿಗೂ ಮುಂಚೆ ಅಲ್ಲಿ ಕುಕ್ಕರಗಾಲಲ್ಲಿ ಕೂತು ಆ ಬೂದಿಯನ್ನು, ಬೇರೆಯವರು ಪೇಪರ್ ಓದುವ ಹಾಗೆ, ಓದುತ್ತಾರೆ. ಯಾರು ಬಂದರು, ಯಾವ ಕಡೆಯಿಂದ ಬಂದರು, ಎಲ್ಲಿ ನಿಂತು ಯೋಚನೆ ಮಾಡಿದರು, ಎಲ್ಲ ಅದರಲ್ಲಿರುತ್ತದೆ. ಆ ದಿನ ಆ ಬದಿಗೆ ಒಂದು ಕಲ್ಲು, ಒಂದು ಮುಳ್ಳಿನ ಕೊಂಬೆ, ಒಂದು ಹಲಗೆ ಬೀಳುತ್ತದೆ. ಇದನ್ನು ಕೈಗುಣ ಎನ್ನುವವರು ಹತ್ತನೇ ತರಗತಿಯಲ್ಲಿ ಪಾಸಾದವನಿಗೂ ಹಣೆಬರಹ ಚೆನ್ನಾಗಿತ್ತು ಎನ್ನುವಂಥವರು.

ಆ ಜನವರಿಯ ಒಂದು ಬೆಳಗ್ಗೆ, ಗೂಡಿನ ಬಾಗಿಲು ತೆಗೆದ ಅರ್ಧ ಗಂಟೆಯೊಳಗೆ, ಕರಿ ಹೇಂಟೆಯೊಂದು ಮಾಯವಾಯಿತು. ಬೇಲಿಯಾಚೆ ಕಾಫಿ ಹಣ್ಣು ಕೊಯ್ಯುವ ಪಿಕಿಂಗಿಗೆ ಆಳುಗಳನ್ನು ಹೊರಡಿಸುತ್ತಿದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವಾಸಣ್ಣ ವಿಚಾರಣೆಗೆ ಬಂದರು. ಅವರು ಕುಟ್ಟದ ಕಡೆಯ ಮಲೆಯಾಳಿಗಳು, ನನ್ನನ್ನು ಮಗಳೇ ಎಂಬರ್ಥದಲ್ಲಿ ಮೋಳೇ ಎನ್ನುತ್ತಾರೆ.

"ಅದು ನರಿಯೇ ಮೋಳೇ. ಸಂಶಯವೇ ಇಲ್ಲ."

"ನೀವು ನೋಡಿದ್ರಾ ವಾಸಣ್ಣ?"

"ನೋಡ್ಲಿಲ್ಲ. ಆದ್ರೂ ಸಂಶಯ ಇಲ್ಲ."

ಅತ್ತೆ ತೋಡಿನ ಅಂಚಿನಲ್ಲಿ ಬಿದ್ದಿದ್ದ ಎರಡು ಪುಕ್ಕ ಎತ್ತಿ ನೋಡಿ, ಬೂದಿಯ ಅಂಚಿನ ಗುರುತನ್ನು ಬೆರಳಿನಿಂದ ಅಳೆದು ಹೇಳಿದರು. "ಕೀರ. ಮರಿ ಹಾಕೈತೆ."

ನಾನು ಬಿಡುತ್ತೇನೆಯೇ. "ಕೀರ ಅನ್ನೋದಕ್ಕೆ ಹೆಜ್ಜೆ ಸಾಕ್ಷಿ, ಒಪ್ಪಿದೆ. ಮರಿ ಹಾಕಿದೆ ಅನ್ನೋದಕ್ಕೆ ಏನತ್ತೆ ಸಾಕ್ಷಿ?"

"ನಾವೆಲ್ಲ ಎದ್ದು ಓಡಾಡೋ ಹೊತ್ನಲ್ಲಿ ಬಂದೈತೆ ಕಣವ್ವ. ಅಷ್ಟು ಧೈರ್ಯ ಬರ್ಬೇಕಾದ್ರೆ ಮನೇಲಿ ಹಸ್ದೋರು ಇರ್ಬೇಕು."

ಹತ್ತಾರು ವೇದಿಕೆ ಹತ್ತಿದ ನಾನು ಒಳಗೆ ಹೋಗಿ ಮಧ್ಯಾಹ್ನದವರೆಗೂ ಪಾತ್ರೆ ತೊಳೆದೆ.

ಅದಾದ ಕೆಲವೇ ದಿನಕ್ಕೆ ನಾಪೋಕ್ಲಿನಲ್ಲಿರುವ ನಾದಿನಿಯ ಮಗುವಿಗೆ ಜ್ವರ ಬಂದು ಅತ್ತೆ ಎರಡು ದಿನ ಅಲ್ಲಿಗೆ ಹೋಗಬೇಕಾಯಿತು. ಬೋಳುಕತ್ತಿನ ಹೇಂಟೆ ಕೂತು ಆಗ ಹದಿನೆಂಟು ದಿನ, ಇನ್ನು ಮೂರು ದಿನಕ್ಕೆ ಮರಿ. ಬುಟ್ಟಿಯ ಹುಲ್ಲಿನಲ್ಲಿ ಒಂದು ಇದ್ದಿಲಿನ ಚೂರು, ಒಂದು ಮೊಳೆ ಇಟ್ಟಿದ್ದರು. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು. ಜನವರಿಯಲ್ಲಿ ಎಲ್ಲಿಯ ಗುಡುಗು ಎಂದು ನಾನು ಕೇಳಿದ್ದಕ್ಕೆ, "ನಿನ್ನ ಕೇಳ್ಕಂಡು ಬತ್ತದಾ?" ಎಂದಿದ್ದರು. ಹೊರಡುವಾಗ ಬ್ಯಾಗು ಹೆಗಲಿಗೇರಿಸಿ ಸೂಚನೆ ಕೊಟ್ಟರು. "ಹೊತ್ತು ಮುಳುಗೋಕ್ ಮುಂಚೆ ಕೋಳಿ ಗೂಡಿಗ್ ಕೂಡು. ಬೂದಿ ಹಾಕು. ಕಾವು ಕೂತಿರೋದು ದಿನಕ್ಕೊಂದ್ಸಲ ತಾನೇ ಇಳಿದು ಮೇಯ್ದು ಹತ್ತತ್ತೆ, ಅದ್ರ ತಂಟೆಗ್ ಹೋಗ್ಬ್ಯಾಡ. ಮತ್ತೆ, ಹೊಸಾದೇನೂ ಮಾಡ್ಬ್ಯಾಡ ನನ್ ತಾಯಿ."

ಹೊಸದು ಎಂದರೇನು? ನಮ್ಮ ಕಡೆ ಕಾಡುಹಂದಿ ಗದ್ದೆಗೆ ಬಾರದಿರಲೆಂದು ಕ್ಷೌರದಂಗಡಿಯ ಕೂದಲು ತಂದು ಬದುವಿನ ಮೇಲೆ ಚೆಲ್ಲುತ್ತಾರೆ. ಮನುಷ್ಯನ ವಾಸನೆಗೆ ಹಂದಿ ಹಿಂದೆ ಸರಿಯುತ್ತದೆ. ಹಂದಿಯೇ ಹೆದರುವ ವಾಸನೆಗೆ ಕೀರ ಹೆದರದೆ? ಮೇಲಾಗಿ ಇದು ಊರಿನಲ್ಲಿ ಹಳೆಯ ಪದ್ಧತಿ, ಆದ್ದರಿಂದ ಹೊಸದಲ್ಲ, ಆದ್ದರಿಂದ ಅತ್ತೆಯ ಮಾತು ಮೀರಿದಂತಲ್ಲ. ಇಂಥ ತರ್ಕಕ್ಕೆ ಕಾಲೇಜಿನಲ್ಲಿ ಚಪ್ಪಾಳೆ ಬೀಳುತ್ತಿತ್ತು. ಮಂಜುವನ್ನು ಸುಂಟಿಕೊಪ್ಪಕ್ಕೆ ಕಳಿಸಿ ಎರಡು ಚೀಲ ಕೂದಲು ತರಿಸಿದೆ. ಕ್ಷೌರದವನು "ಎಷ್ಟು ಎಕರೆ ಗದ್ದೆ?" ಎಂದು ಕೇಳಿದನಂತೆ. ಸಂಜೆ ಗೂಡಿನ ಸುತ್ತ, ತೋಡಿನ ಬದಿ, ಹಲಸಿನ ಮರದ ಬುಡ, ಎಲ್ಲ ಕಡೆ ಉದಾರವಾಗಿ ಹರಡಿದೆ. ಹಿತ್ತಿಲು ಕರಡಿ ಮಲಗಿದಂತೆ ಕಂಡಿತು. ಬೂದಿ ಹಾಕಲಿಲ್ಲ. ಎರಡೆರಡು ಕಾವಲು ಯಾಕೆ?

ಮರುದಿನ ಮಧ್ಯಾಹ್ನ ಬುಟ್ಟಿ ನೋಡಿದರೆ ಹನ್ನೊಂದು ಮೊಟ್ಟೆ ಇವೆ, ಹೇಂಟೆ ಇಲ್ಲ. ಓಡಿ ಹೋಗಿ ಹುಡುಕಿದರೆ ಹಲಸಿನ ಬುಡದಲ್ಲಿ ಪಕ್ಕಕ್ಕೆ ಬಿದ್ದು ರೆಕ್ಕೆ ಬಡಿಯುತ್ತಿದೆ. ಕೋಳಿ ಕೆದಕಿ ತಿನ್ನುವ ಪ್ರಾಣಿ, ಹಂದಿ ಬರುವ ಗದ್ದೆಯಲ್ಲಿ ಕೋಳಿ ಇರುವುದಿಲ್ಲ ಎಂಬ ಎರಡು ಸರಳ ಸಂಗತಿಗಳು ಆಗ ನನಗೆ ಒಟ್ಟಿಗೆ ಹೊಳೆದವು. ಕೆದಕಿ ಕೆದಕಿ ಅದರ ಎರಡೂ ಕಾಲಿಗೆ ಕೂದಲು ಹುರಿಯಾಗಿ ಸುತ್ತಿಕೊಂಡು ಬೆರಳುಗಳೆಲ್ಲ ಒಂದಕ್ಕೊಂದು ಹೊಲಿದ ಹಾಗಾಗಿದ್ದವು. ಐದು ಮಾರು ಆಚೆ ತೋಡಿನ ಕಲ್ಲಿನ ಮೇಲೆ ಕೀರ ನೆಟ್ಟಗೆ ನಿಂತಿತ್ತು. ಸುಂಟಿಕೊಪ್ಪದ ಅಷ್ಟೂ ಗಂಡಸರ ವಾಸನೆಯ ನಡುವೆ ಅದು ನಿರಾಳವಾಗಿ ಮೀಸೆ ತೀಡಿಕೊಳ್ಳುತ್ತಿತ್ತು. ನಾನು ಚಪ್ಪಲಿ ಎಸೆದೆ. ಅದು ಚಪ್ಪಲಿ ಬಿದ್ದ ಜಾಗ ನೋಡಿ, ಆಮೇಲೆ ನನ್ನನ್ನು ನೋಡಿ, ಅವಸರವಿಲ್ಲದೆ ಇಳಿದು ಹೋಯಿತು.

ಅತ್ತೆಗೆ ಫೋನು ಮಾಡಿ ಆದದ್ದೆಲ್ಲ ಹೇಳಿದೆ. ಯಾಕೆ ಹೀಗೆ ಮಾಡಿದೆ ಎಂದು ಕೇಳುತ್ತಾರೆಂದು ಉತ್ತರ ಸಿದ್ಧಪಡಿಸಿಕೊಂಡಿದ್ದೆ. ಅವರು ಕೇಳಿದ್ದು ಒಂದೇ: "ಮೊಟ್ಟೆ ಮುಟ್ಟಿ ನೋಡು. ಬೆಚ್ಚಗೈತಾ?"

"ಸ್ವಲ್ಪ ಇದೆ ಅತ್ತೆ."

"ಕೋಳಿ ಕಣ್ ಮುಚ್ಚೋ ಹಂಗೆ ಬಟ್ಟೆ ಸುತ್ತು, ಸುಮ್ನಾಗತ್ತೆ. ಕೂದ್ಲು ಎಳೀಬ್ಯಾಡ, ಒಂದೊಂದೇ ಎಳೆ ಕತ್ತರಿಸು. ಅಲ್ಲೀವರ್ಗೂ ಮೊಟ್ಟೆ ನಿನ್ನ ಹೊಟ್ಟೆಗೆ ಕಟ್ಕ."

"ಹೊಟ್ಟೆಗಾ?"

"ಇನ್ಯಾರ್ ಹೊಟ್ಟೆಗೆ ಕಟ್ತೀಯೆ."

ಒಂದೇ ಹೊತ್ತಿಗೆ ಎರಡು ಕೆಲಸ ಹೇಗೆ ಮಾಡಲಿ ಎಂದು ನಾನು ಒದ್ದಾಡುವಾಗ ಬೇಲಿಯಾಚೆಯಿಂದ ವಾಸಣ್ಣನ ತಲೆ ಕಂಡಿತು. "ಏನ್ ಮೋಳೇ? ಸುಮ್ನೆ ಈ ಕಡೆ ಬಂದಿದ್ದೆ." ದೇವರೇ ಕಳಿಸಿದ ಹಾಗಾಯಿತು ಎಂದು, ದೇವರನ್ನು ನಂಬದ ನಾನು, ಅಂದುಕೊಂಡೆ. ಅವರು ಜೇಬಿನಿಂದ ಚಾಕು ತೆಗೆದು, ಕೋಳಿಯನ್ನು ಲುಂಗಿಯ ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಮಂಜುವಿನ ಸ್ವೆಟರ್ ಹಾಕಿ, ಅದರೊಳಗೆ ಶಾಲು ಬಿಗಿದು, ಹನ್ನೊಂದು ಮೊಟ್ಟೆ ಸೇರಿಸಿಕೊಂಡು ಬಿಸಿಲಿನ ಕಟ್ಟೆಯ ಮೇಲೆ ಕೂತೆ. ಅಲುಗಾಡುವಂತಿಲ್ಲ, ಬಗ್ಗುವಂತಿಲ್ಲ, ಗಟ್ಟಿಯಾಗಿ ಸೀನುವಂತಿಲ್ಲ. ಹಾಲಿನ ಕ್ಯಾನು ಹಿಡಿದು ಹೋಗುತ್ತಿದ್ದ ಪಕ್ಕದ ಮನೆಯ ಗಿರಿಜಕ್ಕ ನಿಂತು, ನನ್ನ ಹೊಟ್ಟೆ ನೋಡಿ, ನಕ್ಕು, "ನಮಗೆ ಹೇಳೇ ಇಲ್ವಲ್ಲ" ಎಂದರು. ನಾನು ವಿವರಣೆ ಕೊಡಲಿಲ್ಲ. ನನ್ನ ಜೀವನದಲ್ಲಿ ವಿವರಣೆ ಕೊಡದೆ ಬಿಟ್ಟದ್ದು ಅದೇ ಮೊದಲು.

ಒಂದು ಗಂಟೆ ಹಾಗೇ ಕಳೆಯಿತು. ಎಲ್ಲೋ ಒಂದು ಮೊಟ್ಟೆಯೊಳಗೆ ಏನೋ ಅಲುಗಿದ ಹಾಗಾಯಿತು. ಭ್ರಮೆಯಿರಬಹುದು, ಸಾಕ್ಷಿ ಇಲ್ಲ. ಆದರೆ ಇಪ್ಪತ್ತೊಂದು ದಿನ, ಇಡೀ ದಿನಕ್ಕೆ ಒಂದೇ ಸಲ ಎದ್ದು, ಹಸಿವು ಬಾಯಾರಿಕೆ ನುಂಗಿಕೊಂಡು ಹೀಗೆ ಕೂರುವ ಜೀವವನ್ನು ನಾವು ಹೆದರಿದವರಿಗೆ ಬೈಗುಳವಾಗಿ ಬಳಸುತ್ತೇವಲ್ಲ, ಕೋಳಿ ಪುಕ್ಕಲ ಎಂದು, ಆ ಬೈಗುಳ ಹುಟ್ಟುಹಾಕಿದವನು ಒಮ್ಮೆಯೂ ಕಾವಿಗೆ ಕೂತವನಲ್ಲ ಎಂಬುದನ್ನು ಮಾತ್ರ ಯಾವ ವೇದಿಕೆಯಲ್ಲಾದರೂ ಸಾಧಿಸಬಲ್ಲೆ. ವಾಸಣ್ಣ ಕೊನೆಯ ಎಳೆ ಕತ್ತರಿಸಿ ಕೋಳಿಯನ್ನು ಇಳಿಸಿದರು. ಅದು ಕುಂಟುತ್ತ ಬಂದು ಬುಟ್ಟಿ ಹತ್ತಿ, ನಾನು ವಾಪಸಿಟ್ಟ ಮೊಟ್ಟೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಹೊರಳಿಸಿ ನೋಡಿ, ನನ್ನ ಕೈಗೆ ಒಂದು ಬಲವಾಗಿ ಕುಕ್ಕಿ, ಕೂತಿತು.

ಅತ್ತೆ ಮರುದಿನ ಮೊದಲ ಬಸ್ಸಿಗೇ ಬಂದರು. ಬೈಯುತ್ತಾರೆಂದು ಕಾದೆ. ಅವರು ಸೆರಗು ಸಿಕ್ಕಿಸಿ, ಕಡ್ಡಿಗಳಿಂದ ಬಾಚಣಿಗೆಯಂಥದ್ದೊಂದನ್ನು ಮಾಡಿಕೊಂಡು, ಹಿತ್ತಿಲಿನ ಕೂದಲನ್ನೆಲ್ಲ ಬಾಚತೊಡಗಿದರು. ನಾನೂ ಜೊತೆಗೆ ಕೂತೆ. ಎರಡು ಚೀಲ ಹರಡಲು ಹತ್ತು ನಿಮಿಷ ಸಾಕಾಗಿತ್ತು. ಹೆಕ್ಕಲು ಎರಡು ದಿನ ಹಿಡಿಯಿತು. ನಡುವೆ ಒಮ್ಮೆ ಮಾತ್ರ ಅವರು ಒಂದು ಬಿಳಿ ಕೂದಲ ಗುಂಜು ಎತ್ತಿ ಬೆಳಕಿಗೆ ಹಿಡಿದು, "ಪಾಪ, ಯಾರೋ ಏನೋ, ವಯಸ್ಸಾಗೈತೆ" ಎಂದರು. ಇಪ್ಪತ್ತೆರಡನೆಯ ದಿನ ಏಳು ಮರಿ ಬಂದವು. ಅದರಲ್ಲಿ ಮೂರರ ಕತ್ತು ಬೋಳು. ಅತ್ತೆ ಆ ಮೂರನ್ನೂ ಅಂಗೈಯಲ್ಲಿಟ್ಟುಕೊಂಡು ಒಳಗೆ ಬಂದು, ನನ್ನ ಮಡಿಲಿಗೆ ಬಿಟ್ಟು, ಒಲೆಯ ಕಡೆ ತಿರುಗಿ ನಿಂತರು.

ಇಷ್ಟಕ್ಕೆ ಮುಗಿದಿದ್ದರೆ ನಾನು ನೆಮ್ಮದಿಯಾಗಿರುತ್ತಿದ್ದೆ. ಮೊನ್ನೆ ಭಾನುವಾರ ವಾಸಣ್ಣ ನಮ್ಮ ಹಿತ್ತಿಲ ಕಟ್ಟೆಯಲ್ಲಿ ಕಾಫಿ ಕುಡಿಯುತ್ತ, ಈ ವರ್ಷ ಪಿಕಿಂಗ್ ತಡವಾಯಿತು ಎಂದು ಸಂಕಟ ಹೇಳಿಕೊಳ್ಳುತ್ತಿದ್ದರು. "ಆಳು ಬೇರೆ ಕಮ್ಮಿ ಮೋಳೇ. ಅದ್ರಲ್ಲಿ ಎರಡು ದಿನ ಪೂರ್ತಿ ನಾನು ಈ ಬೇಲಿ ಹತ್ರಾನೇ ನಿಂತು ನಿಂತು..." ಅಲ್ಲಿಗೆ ನಿಲ್ಲಿಸಿದರು. ನುಚ್ಚಿನ ಮೊರ ಹಿಡಿದು ನಿಂತಿದ್ದ ಅತ್ತೆಯ ಕಡೆ ನೋಡಿದರು. ಲೋಟದಲ್ಲಿ ಅರ್ಧ ಕಾಫಿ ಇರುವಾಗಲೇ ಎದ್ದು, ಆಳುಗಳ ಲೈನ್‌ಮನೆಯಲ್ಲಿ ಯಾರೋ ಕರೆದ ಹಾಗಾಯಿತು ಎಂದು ಹೊರಟುಬಿಟ್ಟರು. ಯಾರೂ ಕರೆದಿರಲಿಲ್ಲ.

ನನ್ನ ತಲೆಯಲ್ಲಿ ಸಾಕ್ಷ್ಯಗಳು ಒಂದೊಂದಾಗಿ ಸಾಲಿಗೆ ನಿಂತವು. ಪಿಕಿಂಗಿನ ನಡುಮಧ್ಯದಲ್ಲಿ ಯಾವ ರೈಟರೂ ಸುಮ್ಮನೆ ಯಾವ ಕಡೆಯೂ ಬರುವುದಿಲ್ಲ. ಕೀರ ಬರುತ್ತದೆಂದು ಗೊತ್ತಿದ್ದ ದಿನಗಳಲ್ಲೂ ಅತ್ತೆ ಯಾರನ್ನೂ ಕಾವಲು ನಿಲ್ಲಿಸಿದವರಲ್ಲ. ನಿಲ್ಲಿಸಿದ್ದು ಗೂಡು ನನ್ನ ಕೈಗೆ ಬಂದ ಆ ಎರಡು ದಿನ ಮಾತ್ರ. ಬೂದಿಯಲ್ಲಿ ಹೆಜ್ಜೆ ಬೀಳುವ ಮೊದಲೇ, ಯಾವ ಪ್ರಾಣಿ ಯಾವ ಕಡೆಯಿಂದ ಬರಬಹುದೆಂದು ಅವರು ಓದಿ ಮುಗಿಸಿದ್ದರು. ಈ ಮನೆಗೆ ಬಂದು ಮೂರು ವರ್ಷ, ಇವರನ್ನು ಪರೀಕ್ಷಿಸುತ್ತಿರುವವಳು ನಾನು ಎಂದೇ ತಿಳಿದಿದ್ದೆ.

ಅತ್ತೆ ಗೂಡಿನ ಬಾಗಿಲಲ್ಲಿ ಬಗ್ಗಿ ನುಚ್ಚು ಚೆಲ್ಲುತ್ತ "ಬಾ ಬಾ ಬಾ" ಎನ್ನುತ್ತಿದ್ದರು. ಬೋಳುಕತ್ತಿನ ಮೂರೂ ಅವರ ಕಾಲ ನಡುವೆ ನುಗ್ಗುತ್ತಿದ್ದವು. ನಾನು ಹತ್ತಿರ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು ಕೇಳಿದೆ:

"ಅತ್ತೆ, ವಾಸಣ್ಣನಿಗೆ ನೀವು ಕಾಯೋಕೆ ಹೇಳಿದ್ದು ಕೀರವನ್ನೋ, ನನ್ನನ್ನೋ?"