ಕಳುಹಿಸಿಕೊಡುವ ಊಟ ಉಂಡು ಊರಲ್ಲೇ ಉಳಿದದ್ದು

ಮಕ್ಕಳೇ, ಪಕ್ಕದ ಮನೆಯ ಜಲಜಕ್ಕನ ಗ್ರೈಂಡರಿನ ಮೇಲೆ ನನ್ನ ಹೆಸರು ಯಾಕೆ ಕೊರೆದಿದೆ ಎಂದು ಮೊನ್ನೆ ಕೇಳಿದಿರಿ. ನಾನು ಬಾಳೆಹಣ್ಣು ಕೊಟ್ಟು ಮಾತು ಮರೆಸಿದೆ. ಬಾಯಲ್ಲಿ ಹೇಳಲು ನಾಚಿಕೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಿಮ್ಮ ಅಜ್ಜ ನ್ಯೂಜಿಲೆಂಡಿನ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದರು. ನಾನು ಕಾಪುವಿನ ಈ ಮನೆಯಲ್ಲಿ. ನಿಮ್ಮ ಅಮ್ಮ ಮಣಿಪಾಲದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಒಂದು ದಿನ ಅಜ್ಜನ ಫೋನ್ ಬಂತು.

"ನನಗೆ ಪರ್ಮನೆಂಟ್ ಆಯ್ತು! ಇನ್ನು ಎಷ್ಟು ವರ್ಷ ಬೇಕಾದ್ರೂ ಇಲ್ಲೇ ಇರಬಹುದು. ಮನೆಯದ್ದು ಮೆಲ್ಲ ಒಂದು ವ್ಯವಸ್ಥೆ ಮಾಡು."

'ಮೆಲ್ಲ' ಎಂಬುದನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ. ಗಂಡನಿಗೆ ಸಿಕ್ಕಿದರೆ ಹೆಂಡತಿಗೂ ಸಿಕ್ಕಿದಂತೆ ಎಂಬ ವಿಷಯದಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಮನೆಯವರೆಲ್ಲ ಒಟ್ಟಿಗೇ ಇರುತ್ತಾರೆ. ಅಷ್ಟು ದೊಡ್ಡ ದೇಶಕ್ಕೆ ಇಷ್ಟು ತಿಳಿಯದೇ?

ವ್ಯವಸ್ಥೆ ಆರಂಭಿಸಿದೆ. ಗ್ರೈಂಡರ್ ಜಲಜಕ್ಕನಿಗೆ. ಮಂಚ, ಫ್ರಿಜ್ ಕೇಳಿದವರಿಗೆ. ಹಸು ಟೆಂಪೋ ಹತ್ತಿ ಕಾರ್ಕಳದ ನನ್ನ ಅಕ್ಕನ ಮನೆಗೆ ಹೋಯಿತು. ಹೇಳಿದ ದಿನ ಸರಿಯಾಗಿ ಊರು ಬಿಟ್ಟದ್ದು ಅದೊಂದೇ!

ದೂರ ಹೋಗುವವರನ್ನು ಮನೆಗೆ ಕರೆದು ಊಟ ಹಾಕಿ ಕಳುಹಿಸುವುದು ನಮ್ಮಲ್ಲಿ ರೂಢಿ. ನನ್ನನ್ನೂ ಕರೆದರು. ಉಚ್ಚಿಲದಲ್ಲಿ ಮೀನು, ಕಾರ್ಕಳದಲ್ಲಿ ಕೋರಿ ರೊಟ್ಟಿ, ಉಡುಪಿಯಲ್ಲಿ ಪಾಯಸ.

"ಅಲ್ಲಿ ಇದೆಲ್ಲ ಎಂತ ಸಿಗ್ತದೆ, ತಿನ್ನು ಮಾರಾಯ್ತಿ!"

ನಾಚಿಕೆಯ ಸ್ವಭಾವದ ನನಗೆ ಬೇಡ ಎನ್ನಲು ಬರುವುದಿಲ್ಲ. ತಿಂದೆ. ಹೋದಲ್ಲೆಲ್ಲ ಒಂದೊಂದು ಸೀರೆಯನ್ನೂ ಕೊಟ್ಟರು. ಕೊನೆಯ ಊಟ ಜಲಜಕ್ಕನಲ್ಲಿ, ಅಲ್ಲಿಯೂ ಪಾಯಸ. ಅವರು ಅತ್ತರು. ನಾನೂ ಅತ್ತೆ.

ಆ ಭಾನುವಾರ ನಿಮ್ಮ ಅಮ್ಮ ಹಾಸ್ಟೆಲಿನಿಂದ ಬಂದಳು. ಕುಳಿತುಕೊಳ್ಳಲು ಸುತ್ತಮುತ್ತ ನೋಡಿದಳು.

"ಅಮ್ಮ, ಮಂಚ ಎಲ್ಲಿ?"

"ಕೊಟ್ಟೆ."

"ಫ್ರಿಜ್?"

"ಕೊಟ್ಟೆ."

"ಹಸು ಸಹ ಕಾಣುವುದಿಲ್ಲ!"

"ಅಪ್ಪನಿಗೆ ಪರ್ಮನೆಂಟ್ ಆಯ್ತಲ್ಲ. ನಾನು ಹೋಗುವುದು ಬೇಡ್ವಾ?"

"ಆದದ್ದು ಅಪ್ಪನಿಗೆ! ನಿನಗೆ ಬೇರೆ ಅರ್ಜಿ ಹಾಕಬೇಕು. ಒಪ್ಪಿಗೆ ಬರಲಿಕ್ಕೆ ಎಷ್ಟು ಸಮಯ ಉಂಟೋ. ನಿನ್ನ ಪಾಸ್‌ಪೋರ್ಟ್ ಎಲ್ಲಿ?"

"ಅದು ಎಲ್ಲಿ ಸಿಗ್ತದೆ?"

ನಿಮ್ಮ ಅಮ್ಮ ನೆಲದ ಮೇಲೆಯೇ ಕುಳಿತಳು. ಬೇರೆ ದಾರಿಯೂ ಇರಲಿಲ್ಲ!

ಅಜ್ಜನಿಗೆ ಆಗಿದೆ, ನನಗೆ ಆಗಿಲ್ಲ. ಹಾಗಾದರೆ ನಾನು ಹೋಗುವವಳೋ ಇರುವವಳೋ? ಕೊಟ್ಟ ಸೀರೆಗಳನ್ನು ಉಟ್ಟರೆ ನಾಚಿಕೆ, ಹಿಂದೆ ಕೊಟ್ಟರೆ ಅವಮಾನ. ಒಂದೂ ತಿಳಿಯದೆ ಬಾಗಿಲು ಹಾಕಿಕೊಂಡು ಒಳಗೇ ಕುಳಿತೆ. ಕೊನೆಗೆ ದೋಸೆಯ ಆಸೆ ಗೆದ್ದಿತು. ನೆನೆದ ಅಕ್ಕಿ ಹಿಡಿದು ಜಲಜಕ್ಕನ ಹಿತ್ತಿಲ ಬಾಗಿಲಿಗೆ ಹೋದೆ. ಅಂಗಳ ಗುಡಿಸುತ್ತಿದ್ದ ಅವರ ಕೈಯ ಹಿಡಿಸೂಡಿ ಕೆಳಗೆ ಬಿತ್ತು.

"ನೀನು ಹೋಗಲಿಲ್ವಾ?"

"ಸ್ವಲ್ಪ ತಡ ಉಂಟು."

"ಪಾಯಸ ತಿನ್ನುವಾಗ ಹೇಳಲಿಲ್ಲ?" ಎಂದು ಅಕ್ಕಿ ತೆಗೆದುಕೊಂಡರು. "ಮತ್ತೆ, ನಿನ್ನ ಈ ಗ್ರೈಂಡರ್ ಶಬ್ದ ಮಾಡ್ತದೆ ಮಾರಾಯ್ತಿ. ಕೊಡುವಾಗ ಹೇಳಬಾರದಿತ್ತಾ?"

ನಾನು ಕ್ಷಮೆ ಕೇಳಿದೆ!

ಗ್ರೈಂಡರನ್ನು ಹಿಂದಕ್ಕೆ ಕೇಳಬಹುದಿತ್ತಲ್ಲ ಎಂದು ನೀವು ಹೇಳುವಿರಿ. ಊಟ ಉಂಡ ಬಾಯಿಂದಲೇ ಕೇಳುವುದು ಹೇಗೆ? ಅಂದಿನಿಂದ ದಿನವೂ ನನ್ನದೇ ಗ್ರೈಂಡರಿನಲ್ಲಿ ಅರೆಯಲು ಅವರ ಮನೆಗೆ ಹೋಗುತ್ತಿದ್ದೆ. ಪಾಸ್‌ಪೋರ್ಟ್ ಬಂತು. ಅರ್ಜಿ ಹೋಯಿತು. ಮಳೆಗಾಲ ಬಂತು, ಹೋಯಿತು, ಮತ್ತೆ ಬಂತು. ನಾನು ಅರೆಯುತ್ತಲೇ ಇದ್ದೆ.

ಕೊನೆಗೂ ನನಗೆ ಒಪ್ಪಿಗೆ ಬಂದಾಗ ಊರಲ್ಲಿ ಯಾರೂ ನಂಬಲಿಲ್ಲ. ಊಟಕ್ಕೂ ಕರೆಯಲಿಲ್ಲ. ಒಮ್ಮೆ ಉಂಡವಳಿಗೆ ಮತ್ತೆಂತ ಊಟ! ಆದರೂ ಹೋದದ್ದು ಒಳ್ಳೆಯದಾಯಿತು, ಮಕ್ಕಳೇ. ಅಜ್ಜನ ಕೊನೆಯ ವರ್ಷಗಳಲ್ಲಿ ಅವರಿಗೆ ದೋಸೆ ಮಾಡಿ ಹಾಕಿದೆ. ಅವರು ಹೋದ ಮೇಲೆ ಇಲ್ಲಿಗೇ ಬಂದೆ.

ಆದರೆ ಹೊರಟ ಆ ಬೆಳಿಗ್ಗೆಯನ್ನು ನೆನೆದರೆ ಈಗಲೂ ತಲೆ ತಗ್ಗುತ್ತದೆ. ಸೂಟ್‌ಕೇಸ್ ಒಳಗಿಟ್ಟು ಕಾರು ಹತ್ತಿದ್ದೆ. ಜಲಜಕ್ಕ ಬೇಲಿಯ ಆಚೆಯಿಂದ ನೋಡಿ ಕೂಗಿದರು:

"ಸುಮತೀ, ನಾಳೆ ಅರೆಯಲಿಕ್ಕೆ ಬೇಗ ಬಾ! ಹತ್ತು ಗಂಟೆಗೆ ಕರೆಂಟ್ ತೆಗೀತಾರಂತೆ!"

ನಾನು ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, "ಆಯ್ತು ಜಲಜಕ್ಕ, ಬರ್ತೇನೆ" ಎಂದೆ.